ಏಳು ಗಂಟೆಯ ಮಾತ್ರೆ, ಒಂಬತ್ತು ಗಂಟೆಯ ಊಟ

ದಿನಕ್ಕೆ ಎಷ್ಟು ಸಲ ನಾವು ‘ಊಟ ಆಯ್ತಾ?’ ಎಂದು ಕೇಳುತ್ತೇವೋ ಗೊತ್ತಿಲ್ಲ. ಮೆಟ್ಟಿಲಲ್ಲಿ ಎದುರಾದವರನ್ನು ಕೇಳುತ್ತೇವೆ, ಫೋನ್ ಎತ್ತಿದವರನ್ನು ಕೇಳುತ್ತೇವೆ. ಅವರು ‘ಆಯ್ತು, ನಿಮ್ದು?’ ಎನ್ನುತ್ತಾರೆ. ನಾವೂ ‘ಆಯ್ತು’ ಎನ್ನುತ್ತೇವೆ. ಎಷ್ಟೋ ಸಲ ಇಬ್ಬರದೂ ಆಗಿರುವುದಿಲ್ಲ. ಕೇಳಿದವರು ಉತ್ತರಕ್ಕೆ ಕಾಯದೆ ಮುಂದೆ ಹೋಗಿರುತ್ತಾರೆ. ನಾನೂ ಹಾಗೆಯೇ ಹೋದವಳು. ಆರೋಗ್ಯ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷದಿಂದ ನರ್ಸ್ ಆಗಿದ್ದೇನೆ. ಆದರೂ ಎದುರು ಮನೆಯಲ್ಲಿ ಏನು ನಡೆಯುತ್ತಿದೆ ಎಂದು ನನಗೆ ತಿಳಿಯಲಿಲ್ಲ. ಈ ಕಥೆಯಲ್ಲಿ ತಪ್ಪು ನನ್ನದೂ ಇದೆ. ಅದನ್ನು ಮುಚ್ಚಿಟ್ಟುಕೊಂಡು ನಿಮಗೆ ಬುದ್ಧಿ ಹೇಳಲಾರೆ.

ನಮ್ಮ ಕಟ್ಟಡದ ಮೂರನೇ ಅಂತಸ್ತಿನಲ್ಲಿ ನಮ್ಮದೊಂದು ಮನೆ, ಎದುರಿಗೆ ಗಡಿಯಾರದಜ್ಜನ ಮನೆ. ಅಜ್ಜ ಕೈಗಡಿಯಾರ ರಿಪೇರಿ ಮಾಡುತ್ತಿದ್ದರು. ಕಿಟಕಿಯ ಪಕ್ಕ ಒಂದು ಸಣ್ಣ ಮೇಜು, ಒಂದು ದೀಪ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಎಳ್ಳುಕಾಳಿನಷ್ಟು ತಿರುಪುಗಳನ್ನು ಎತ್ತುವ ಚಿಮಟ. ಎಂಟು ಗಂಟೆಗೆ ಅಂದರೆ ಎಂಟಕ್ಕೆ ಕಾಫಿ, ಒಂದು ಗಂಟೆಗೆ ಅಂದರೆ ಒಂದಕ್ಕೆ ಅಂಗಡಿಯಿಂದ ತರಿಸಿದ ಊಟ. ನೀರಿನ ಟ್ಯಾಂಕರ್ ಹತ್ತು ನಿಮಿಷ ತಡವಾದರೆ ಡ್ರೈವರಿಗೆ ಪಾಠ.

ಅಜ್ಜನ ಮಗ ಲಿಫ್ಟ್ ಮೆಕ್ಯಾನಿಕ್. ಯಾವ ಕಟ್ಟಡದಲ್ಲಿ ಲಿಫ್ಟ್ ನಿಂತಿತೋ ಅಲ್ಲಿಗೆ ಓಡಬೇಕು, ಮನೆಗೆ ಬರುವುದು ಅವನ ಕೈಯಲ್ಲಿಲ್ಲ. ಸೊಸೆ ಶರ್ಟ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುವವಳು. ದಿನಕ್ಕೆ ನಾನೂರು ಕಾಲರ್. ಫ್ಯಾಕ್ಟರಿ ಬಸ್ಸಿನಿಂದ ಇಳಿದು, ಮೂಲೆಯ ಅಂಗಡಿಯಲ್ಲಿ ಮೂರು ಊಟದ ಪಾರ್ಸೆಲ್ ಕಟ್ಟಿಸಿಕೊಂಡು, ಮೆಟ್ಟಿಲು ಹತ್ತುವಷ್ಟರಲ್ಲಿ ಎಂಟೂವರೆಯಾದರೂ ಆಯಿತು, ಒಂಬತ್ತಾದರೂ ಆಯಿತು.

ವರ್ಷದ ಹಿಂದೆ ಅಜ್ಜನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಡಾಕ್ಟರು ರಾತ್ರಿ ಊಟಕ್ಕೆ ಅರ್ಧ ಗಂಟೆ ಮುಂಚೆ ಒಂದು ಮಾತ್ರೆ ಬರೆದರು. ಚೀಟಿ ಓದಿ ಹೇಳಿದವಳು ನಾನು.

“ಅರ್ಧ ಗಂಟೆ ಮುಂಚೆ ಅಂದ್ರೆ ಎಷ್ಟು ಗಂಟೆಗಮ್ಮ? ಸರಿಯಾಗಿ ಹೇಳಿಬಿಡು” ಎಂದರು ಅಜ್ಜ.

“ಏಳಕ್ಕೆ ಅಂತ ಇಟ್ಕೊಳ್ಳಿ ಅಜ್ಜ” ಎಂದೆ.

ನಮ್ಮ ಮನೆಯಲ್ಲಿ ಏಳೂವರೆಗೆ ಊಟ. ಅವರ ಮನೆಯಲ್ಲಿ ಎಷ್ಟು ಗಂಟೆಗೆ ಎಂದು ನಾನು ಕೇಳಲೇ ಇಲ್ಲ.

ಅವತ್ತಿನಿಂದ ಅಜ್ಜ ಒಂದು ನಿಮಿಷ ಆಚೀಚೆ ಮಾಡಲಿಲ್ಲ. ಏಳಕ್ಕೆ ಸರಿಯಾಗಿ ಮಾತ್ರೆ. ಸೊಸೆ ಬಸ್ಸಿನಿಂದಲೇ ಫೋನ್ ಮಾಡುತ್ತಿದ್ದಳು. ಅವಳ ಕಾಳಜಿಯಲ್ಲಿ ನಾನು ತಪ್ಪು ಹುಡುಕಲಾರೆ, ಹೆತ್ತ ಮಗಳೂ ಅಷ್ಟು ವಿಚಾರಿಸುವುದಿಲ್ಲ.

“ಮಾವ, ಮಾತ್ರೆ ತಗೊಂಡ್ರಾ?”

“ತಗೊಂಡೆ ತಾಯಿ.”

“ಇವತ್ತು ಸ್ವಲ್ಪ ಲೇಟಾಗುತ್ತೆ. ಹಸಿವಾಗ್ತಿದ್ಯಾ?”

“ನಂಗೇನು ಹಸಿವು. ಇಡೀ ದಿನ ಕೂತೇ ಇರ್ತೀನಲ್ಲ. ನೀನು ನಿಧಾನಕ್ಕೆ ಬಾ.”

ದುಡಿದು ಬರುವವಳಿಗೆ ತನ್ನ ಹೊಟ್ಟೆಯ ಚಿಂತೆ ಯಾಕೆ ಎಂದು ಅಜ್ಜ ಸುಳ್ಳು ಹೇಳುತ್ತಿದ್ದರು. ಮಾತ್ರೆ ಮಾತ್ರ ಸುಳ್ಳು ಕೇಳುವುದಿಲ್ಲ. ಅದು ರಕ್ತದಲ್ಲಿರುವ ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತದೆ. ಇಳಿದ ಜಾಗಕ್ಕೆ ಊಟದಿಂದ ಸಕ್ಕರೆ ಬರಬೇಕು. ಏಳಕ್ಕೆ ಮಾತ್ರೆ ಹಾಕಿ ಒಂಬತ್ತಕ್ಕೆ ಉಂಡರೆ ನಡುವಿನ ಎರಡು ಗಂಟೆ ಮೈ ಬರಿದಾಗುತ್ತದೆ.

ಸಂಜೆಯಾದರೆ ಅಜ್ಜನ ಕೈ ನಡುಗತೊಡಗಿತು. ವಯಸ್ಸಾಯಿತು ಅಂದುಕೊಂಡರು. ಒಮ್ಮೆ ಡ್ಯೂಟಿ ತಡವಾಗಿ ಮುಗಿದು ಎಂಟು ಗಂಟೆಗೆ ನಾನು ನಮ್ಮ ಬಾಗಿಲು ತೆಗೆಯುವಾಗ ಅವರು ಹೊಸ್ತಿಲಲ್ಲಿ ನಿಂತಿದ್ದರು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

“ಊಟ ಆಯ್ತಾ ಅಜ್ಜ?” ಎಂದೆ.

“ಆಯ್ತಮ್ಮ” ಎಂದರು.

ಒಳಗಿನಿಂದ ಒಗ್ಗರಣೆಯ ವಾಸನೆಯಿಲ್ಲ, ಪಾತ್ರೆಯ ಸದ್ದಿಲ್ಲ. ಅದು ನನ್ನ ಗಮನಕ್ಕೆ ಬಂತು, ನಿಜ. ಆದರೆ ಚೀಲ ಭಾರವಾಗಿತ್ತು, ಕಾಲು ನೋಯುತ್ತಿತ್ತು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಹತ್ತು ದಿನ ಕಳೆದಿರಬೇಕು. ಒಂದು ಬುಧವಾರ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಸೊಸೆ ನಮ್ಮ ಬಾಗಿಲು ಬಡಿದಳು. ಪಾರ್ಸೆಲಿನ ಚೀಲ ಇನ್ನೂ ಅವಳ ಕೈಯಲ್ಲೇ ಇತ್ತು.

“ಅಕ್ಕ, ಮಾವ ಬಿದ್ದಿದಾರೆ. ಏನೇನೋ ಮಾತಾಡ್ತಿದಾರೆ. ಬೇಗ ಬನ್ನಿ.”

ಅಜ್ಜ ಅಡುಗೆಮನೆಯ ನೆಲದ ಮೇಲಿದ್ದರು. ಅಂಗಿ ಒದ್ದೆಯಾಗಿ ಮೈಗಂಟಿತ್ತು. ಬಲಗೈ ಮೈಯಡಿಗೆ ಸಿಕ್ಕಿ ತಿರುಚಿಕೊಂಡಿತ್ತು. ತಿನ್ನಲು ಏನಾದರೂ ಸಿಗುತ್ತದೆಯೇ ಎಂದು ಹುಡುಕಲು ಹೋಗಿದ್ದರು ಅನ್ನುವುದು ನೋಡಿದರೇ ತಿಳಿಯುತ್ತಿತ್ತು. ಶೆಲ್ಫಿನ ಡಬ್ಬಗಳ ಮುಚ್ಚಳ ಒಂದೊಂದಾಗಿ ತೆಗೆದಿತ್ತು. ಒಂದರಲ್ಲಿ ಅಕ್ಕಿ, ಒಂದರಲ್ಲಿ ಬೇಳೆ, ಎಲ್ಲ ಹಸಿಯದು. ಆ ಅಡುಗೆಮನೆ ತೀರ ಚೊಕ್ಕಟವಾಗಿತ್ತು. ಒಲೆ ಹೊಳೆಯುತ್ತಿತ್ತು. ಬೆಳಗಿನ ಕಾಫಿ ಬಿಟ್ಟರೆ ಭಾನುವಾರದಿಂದ ಅದರ ಮೇಲೆ ಏನೂ ಬೆಂದಿರಲಿಲ್ಲ.

ನಮ್ಮ ಮನೆಯಿಂದ ಮೀಟರ್ ತಂದು ಬೆರಳು ಚುಚ್ಚಿ ನೋಡಿದೆ. ಎಪ್ಪತ್ತಕ್ಕಿಂತ ಕಡಿಮೆಯಾದರೇ ಅಪಾಯ, ಸಕ್ಕರೆ ನಲವತ್ತೆರಡಕ್ಕೆ ಇಳಿದಿತ್ತು. ಅಜ್ಜನಿಗೆ ಪ್ರಜ್ಞೆ ಇತ್ತು, ನುಂಗಲು ಆಗುತ್ತಿತ್ತು. ಹಾಗಾಗಿ ನಮ್ಮ ಮನೆಯ ಸಕ್ಕರೆ ತಂದು ಮೂರು ಚಮಚ ಕದಡಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು, ನೇರ ಆಸ್ಪತ್ರೆಗೇ ಓಡಬೇಕು. ಕಾಲು ಗಂಟೆಯಲ್ಲಿ ಅಜ್ಜ ನಮ್ಮಿಬ್ಬರನ್ನೂ ಗುರುತಿಸಿದರು. ಗುರುತಿಸಿದ ಕೂಡಲೇ ಕೇಳಿದ್ದು, “ಗಂಟೆ ಎಷ್ಟು?”

ಜೀವ ಉಳಿಯಿತು. ಆದರೆ ಬಲಗೈಯ ಮಣಿಕಟ್ಟು ಎರಡು ಕಡೆ ಮುರಿದಿತ್ತು.

ಶನಿವಾರ ಸಂಜೆ ಅವರ ಮನೆಗೆ ಹೋದೆ. ಅಜ್ಜ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕಿಟಕಿಯ ಪಕ್ಕ ಕೂತಿದ್ದರು. ಮೇಜಿನ ಮೇಲೆ ಒಂದು ಕಾಗದವಿತ್ತು. ಸೊಸೆ ಕೆಲಸ ಬಿಡುತ್ತೇನೆ ಎಂದು ಫ್ಯಾಕ್ಟರಿಗೆ ಬರೆದ ಪತ್ರ.

“ಬೇರೆ ದಾರಿ ಇಲ್ಲ ಸಿಸ್ಟರ್,” ಎಂದ ಮಗ. “ಅಪ್ಪನ್ನ ಒಬ್ಬರನ್ನೇ ಬಿಡೋಕಾಗಲ್ಲ. ಇವಳು ಮನೇಲಿದ್ರೆ ಬಿಸಿ ಅಡುಗೆನಾದ್ರೂ ಆಗುತ್ತೆ.”

ಸೊಸೆ ತಲೆ ತಗ್ಗಿಸಿ ಕೂತಿದ್ದಳು. ಹನ್ನೆರಡು ವರ್ಷದ ಕೆಲಸ. ಮುಂದಿನ ತಿಂಗಳು ಲೈನಿನ ಮೇಲ್ವಿಚಾರಕಿಯಾಗುವವಳಿದ್ದಳು. ಅಜ್ಜ ಆ ಪತ್ರದ ಕಡೆ ನೋಡಲಾರದೆ ಕಿಟಕಿಯ ಹೊರಗೆ ನೋಡುತ್ತಿದ್ದರು. ತನ್ನಿಂದಾಗಿ ಅವಳ ಕೆಲಸ ಹೋಗುತ್ತಿದೆ ಎಂಬ ನೋವು ಅವರ ಮುಖದಲ್ಲಿ ಮುರಿದ ಕೈಯ ನೋವಿಗಿಂತ ಹೆಚ್ಚಾಗಿತ್ತು.

“ಅಜ್ಜನಿಗೆ ಬೇಕಿರೋದು ಏಳೂವರೆಯೊಳಗೆ ಒಂದು ತಟ್ಟೆ ಊಟ,” ಎಂದೆ. “ಅಷ್ಟಕ್ಕೆ ಒಬ್ಬರು ಕೆಲಸ ಬಿಡಬೇಕಾ?”

“ಸುಲಭವಾಗಿ ಹೇಳ್ತೀರ ಅಕ್ಕ,” ಎಂದಳು ಸೊಸೆ. ಅವಳ ದನಿ ಗಟ್ಟಿಯಾಯಿತು. “ಹತ್ತು ಗಂಟೆ ಹೊಲಿದು ಬಂದ ಮೇಲೆ ಬೆನ್ನು ನೆಟ್ಟಗೆ ನಿಲ್ಲಲ್ಲ. ಅಡುಗೆ ಅಂದ್ರೆ ಆಟಾನಾ? ನಮ್ಮಮ್ಮ ಮೂರು ಬಗೆ ಮಾಡದೆ ತಟ್ಟೆ ಇಡ್ತಿರ್ಲಿಲ್ಲ. ನಾನು ಭಾನುವಾರ ಹಂಗೇ ಮಾಡ್ತೀನಿ, ಎರಡೂವರೆ ಗಂಟೆ ಬೇಕು. ದಿನಾ ಎಲ್ಲಿಂದ ತರ್ಲಿ ಎರಡೂವರೆ ಗಂಟೆ?”

“ಮೂರು ಬಗೆ ಯಾರು ಕೇಳಿದ್ರು?”

“ಮತ್ತೆ ಮಾವನಿಗೆ ಒಂದೇ ಪಾತ್ರೆಯದು ಕಲಸಿ ಹಾಕ್ಲಾ? ಒಂದು ಪಾತ್ರೆ ಅಡುಗೆ ಅಡುಗೆನಾ? ನೋಡಿದೋರು ಏನಂತಾರೆ?”

ಆಗ ನನಗೆ ಅರ್ಥವಾಯಿತು. ಅವಳಿಗೆ ಅಡುಗೆ ಗೊತ್ತಿಲ್ಲ ಎಂದಲ್ಲ, ಮನಸ್ಸಿಲ್ಲ ಎಂದೂ ಅಲ್ಲ. ಮಾಡಿದರೆ ಭಾನುವಾರದ ಹಾಗೆ ಮಾಡಬೇಕು, ಇಲ್ಲದಿದ್ದರೆ ಪಾರ್ಸೆಲ್. ನಡುವೆ ಏನೂ ಇಲ್ಲ. ನಮ್ಮಲ್ಲಿ ಎಷ್ಟು ಮಂದಿ ಹೀಗೇ ಸೋತು ಕೂತಿದ್ದೇವೆ. ದೊಡ್ಡ ಅಡುಗೆ ಮಾಡಲಾಗಲಿಲ್ಲ ಎಂದು ಸಣ್ಣದನ್ನೂ ಬಿಟ್ಟಿದ್ದೇವೆ.

“ನಾಳೆ ಬರ್ತೀನಿ. ಮನೇಲಿ ಕರೆಂಟಿನ ರೈಸ್ ಕುಕ್ಕರ್ ಇದ್ಯಾ?”

ಮಗ ತಲೆ ಕೆರೆದುಕೊಂಡ. “ಮದುವೇಲಿ ಯಾರೋ ಕೊಟ್ಟಿದ್ರು. ಅಟ್ಟದ ಮೇಲಿದೆ. ಬಾಕ್ಸ್ ಕೂಡ ಬಿಚ್ಚಿಲ್ಲ.”

ಭಾನುವಾರ ಮಧ್ಯಾಹ್ನ ಹೋದಾಗ ಅವನ ಕೈಗೆ ಚಾಕು ಕೊಟ್ಟೆ. ಕ್ಯಾರೆಟ್, ಬೀನ್ಸ್, ಎಲೆಕೋಸು, ಒಂದು ಕಟ್ಟು ಸೊಪ್ಪು. ಲಿಫ್ಟಿನ ತಂತಿ ಅಳೆಯುವವನು ಬೀನ್ಸನ್ನೂ ಅಳೆದು ಅಳೆದು ಒಂದೇ ಉದ್ದಕ್ಕೆ ಕತ್ತರಿಸಿದ. “ಇದೇನು, ಬೀನ್ಸಿಗೆ ಸ್ಪ್ಯಾನರ್ ಬೇಕಾ?” ಎಂದಳು ಸೊಸೆ. ನಾಲ್ಕು ದಿನದಲ್ಲಿ ಆ ಮನೆಯಲ್ಲಿ ಯಾರೋ ಮೊದಲ ಸಲ ನಕ್ಕರು. ಹೆಚ್ಚಿದ ತರಕಾರಿಯನ್ನು ಒದ್ದೆ ಇಲ್ಲದಂತೆ ಒರೆಸಿ, ಅಡಿಗೆ ಒಣ ಬಟ್ಟೆ ಹಾಕಿದ ಡಬ್ಬಗಳಲ್ಲಿ ತುಂಬಿ ಫ್ರಿಜ್ಜಿಗೆ ಇಟ್ಟೆವು. ಮೂರು ದಿನಕ್ಕೆ ಸಾಕು. ಬುಧವಾರ ಮತ್ತೆ ಅರ್ಧ ಗಂಟೆ ಅವನೇ ಹೆಚ್ಚುತ್ತೇನೆ ಎಂದ.

ಆರೂವರೆಗೆ ಅಜ್ಜನಿಗೆ ಹೇಳಿದೆ, “ಗಡಿಯಾರ ಹಿಡ್ಕೊಳ್ಳಿ. ಹೊತ್ತು ನೋಡೋದು ನಿಮ್ಮ ಕೆಲಸ.”

ಮುಕ್ಕಾಲು ಲೋಟ ಅಕ್ಕಿ, ಒಂದು ಲೋಟ ಹೆಸರುಬೇಳೆ ತೊಳೆದು ಹಾಕಿದೆ. ಸಕ್ಕರೆ ಕಾಯಿಲೆಯವರಿಗೆ ಅಕ್ಕಿ ಮಿತವಾಗಿರಲಿ, ಬೇಳೆ ತರಕಾರಿ ಹೆಚ್ಚಿರಲಿ. ಎರಡು ಹಿಡಿ ತರಕಾರಿ, ಒಂದು ಟೊಮೆಟೊ, ಅರಿಶಿನ, ಉಪ್ಪು, ಆರು ಲೋಟ ನೀರು. ತೊಳೆದ ಮೂರು ಮೊಟ್ಟೆಗಳನ್ನು ಮೇಲಿನ ಜಾಲರಿ ತಟ್ಟೆಯಲ್ಲಿಟ್ಟೆ, ಕೆಳಗಿನ ಹಬೆಗೇ ಬೇಯಲಿ ಎಂದು. ಮುಚ್ಚಳ ಮುಚ್ಚಿ ಸ್ವಿಚ್ ಹಾಕಿದೆ.

“ಒಂಬತ್ತು ನಿಮಿಷ” ಎಂದರು ಅಜ್ಜ.

“ಕೈಯ ಕೆಲಸ ಮುಗೀತು” ಎಂದೆ.

ಸೊಸೆ ನಂಬಲಿಲ್ಲ. ಕುಕ್ಕರಿನ ಮುಂದೆಯೇ ನಿಂತಳು. ನಾನು ಅವಳನ್ನು ಬಲವಂತವಾಗಿ ಕುರ್ಚಿಯಲ್ಲಿ ಕೂರಿಸಿದೆ. ಅಡುಗೆ ಆಗುತ್ತಿರುವಾಗ ತಾನು ಕೂತದ್ದು ಇದೇ ಮೊದಲು ಎಂದಳು. ಸ್ವಿಚ್ ಟಕ್ಕೆಂದು ಮೇಲೆ ಹಾರಿದಾಗ ಅಜ್ಜ ಮತ್ತೆ ಗಡಿಯಾರ ನೋಡಿದರು. ಒಟ್ಟು ನಲವತ್ತೊಂದು ನಿಮಿಷ. ಮೇಲೆ ಒಂದು ಚಮಚ ಎಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಪಕ್ಕದಲ್ಲಿ ಸೌತೆಕಾಯಿ, ಸುಲಿದ ಮೊಟ್ಟೆ ಇಟ್ಟೆವು.

“ಒಂಬತ್ತು ನಿಮಿಷಕ್ಕೆ ನಾನು ಆರು ಕಾಲರ್ ಹೊಲೀತೀನಿ,” ಎಂದಳು ಸೊಸೆ ಮೆಲ್ಲಗೆ. “ಆರು ಕಾಲರಿನಷ್ಟು ಹೊತ್ತು ಇದಕ್ಕೆ.”

ಅಜ್ಜ ಎಡಗೈಯಲ್ಲಿ ಚಮಚ ಹಿಡಿದು ಉಂಡರು. ತಟ್ಟೆ ಖಾಲಿಯಾದ ಮೇಲೆ ಚಮಚ ಕೆಳಗಿಟ್ಟು ಸೊಸೆಯ ಕಡೆ ತಿರುಗಿದರು.

“ನಿಜ ಹೇಳ್ಲಾ ತಾಯಿ,” ಎಂದರು. “ಏಳೂವರೆ ಆದ್ರೆ ದಿನಾ ಹಸಿವಾಗ್ತಿತ್ತು. ತುಂಬ ಹಸಿವಾಗ್ತಿತ್ತು. ನಿಂಗೆ ಹೇಳೋಕೆ ಮನಸ್ಸಾಗ್ಲಿಲ್ಲ.”

ಸೊಸೆಯ ಕಣ್ಣು ತುಂಬಿತು. “ನಾನು ಮಾತ್ರೆ ಮಾತ್ರ ಗಟ್ಟಿಯಾಗಿ ಕೇಳ್ತಿದ್ದೆ ಮಾವ. ಹಸಿವಿನ ಮಾತು ಬಾಯಿಮಾತಿಗೆ ಕೇಳ್ತಿದ್ದೆ.”

ನನ್ನದೂ ಹೇಳಿಬಿಟ್ಟೆ. ಏಳು ಗಂಟೆ ಅಂದವಳು ನಾನು, ಬೆವರು ಕಂಡೂ ಒಳಗೆ ಹೋದವಳು ನಾನು ಎಂದು. ಅಜ್ಜ ಸೌತೆಕಾಯಿಯ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಬೈದಿದ್ದರೆ ಹಗುರವಾಗುತ್ತಿತ್ತು.

ಸೊಸೆ ಆ ಪತ್ರವನ್ನು ಹರಿದಳು. ಮರುದಿನ ಡಾಕ್ಟರು ಎಲ್ಲ ಕೇಳಿ, ಮಾತ್ರೆಯ ಬಗೆಯನ್ನೂ ಹೊತ್ತನ್ನೂ ಬದಲಿಸಿದರು. ಗಂಟೆ ನೋಡಿ ಮಾತ್ರೆ ಬೇಡ, ತಟ್ಟೆಗೆ ಊಟ ಬಂದ ಮೇಲೆ ಮಾತ್ರೆ ಎಂದರು. ಈಗ ಬೆಳಿಗ್ಗೆ ಮಗ ಅಕ್ಕಿ ಬೇಳೆ ಅಳೆದಿಟ್ಟು ಹೋಗುತ್ತಾನೆ. ಆರೂವರೆಗೆ ಅಜ್ಜ ಎಡಗೈಯಲ್ಲೇ ತೊಳೆದು, ತರಕಾರಿ ಸುರಿದು, ಸ್ವಿಚ್ ಒತ್ತುತ್ತಾರೆ. ಒಂದು ದಿನ ಅನ್ನ ಬೇಳೆ, ಒಂದು ದಿನ ಬೇಯಿಸಿದ ಆಲೂಗಡ್ಡೆ ಸೊಪ್ಪು, ಸೊಸೆ ಬೇಗ ಬಂದ ದಿನ ಬಾಣಲೆಯಲ್ಲಿ ಮೊಟ್ಟೆ ಟೊಮೆಟೊ, ಜೊತೆಗೆ ಬ್ರೆಡ್. ಮಗನೂ ಸೊಸೆಯೂ ಬರುವಾಗ ಕುಕ್ಕರಿನಲ್ಲಿ ಬಿಸಿ ಇರುತ್ತದೆ. ಪಾರ್ಸೆಲ್ ಪೂರ್ತಿ ನಿಂತಿಲ್ಲ. ತಿಂಗಳಿಗೆ ಒಂದೆರಡು ಸಲ ಬರುತ್ತದೆ, ಬರಲಿ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅಜ್ಜನ ಬೆರಳುಗಳು ಪೂರ್ತಿ ಮಡಚಲಿಲ್ಲ. ಎರಡು ತಿಂಗಳು ವ್ಯಾಯಾಮ ಮಾಡಿಸಿದೆವು. ಚಿಮಟ ಹಿಡಿಯಲಾಗಲಿಲ್ಲ. ರಿಪೇರಿಗೆ ಬಂದಿದ್ದ ಗಡಿಯಾರಗಳನ್ನು ಒಂದೊಂದಾಗಿ ಅವರವರಿಗೆ ವಾಪಸು ಕೊಟ್ಟರು. ಭೂತಗನ್ನಡಿಯನ್ನು ಬಟ್ಟೆಯಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟರು. ಕಿಟಕಿಯ ಪಕ್ಕದ ಆ ಮೇಜಿನ ಮೇಲೆ ಈಗ ಕುಕ್ಕರ್ ಇದೆ.

ಮೊನ್ನೆ ಸಂಜೆ ಅವರು ಹೊಸ್ತಿಲಲ್ಲಿ ನಿಂತಿದ್ದರು.

“ಊಟ ಆಯ್ತಾ ಅಜ್ಜ?” ಎಂದು ಕೇಳಿ, ಚೀಲ ಕೆಳಗಿಟ್ಟು ನಿಂತೆ.

“ಇನ್ನೂ ಇಲ್ಲಮ್ಮ,” ಎಂದರು. “ಹನ್ನೊಂದು ನಿಮಿಷ ಇದೆ.”

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಹಿರಿಯರಿರಬಹುದು, ಸಕ್ಕರೆಯ ಮಾತ್ರೆ ಇರಬಹುದು. ಮಾತ್ರೆಯ ಹೊತ್ತಿಗೂ ಊಟದ ಹೊತ್ತಿಗೂ ಎಷ್ಟು ಅಂತರ ಇದೆ ಎಂದು ಇವತ್ತೇ ನೋಡಿ. ಹೊತ್ತನ್ನು ನೀವೇ ಬದಲಿಸಬೇಡಿ, ಡಾಕ್ಟರನ್ನು ಕೇಳಿ. ಸಂಜೆ ಕೈ ನಡುಗಿದರೆ, ಬೆವರಿದರೆ ವಯಸ್ಸು ಅಂದುಕೊಂಡು ಸುಮ್ಮನಿರಬೇಡಿ. ದುಡಿದು ದಣಿದು ಬರುವವರು ಮೂರು ಬಗೆ ಮಾಡಬೇಕಿಲ್ಲ. ರಜೆಯ ದಿನ ತರಕಾರಿ ಹೆಚ್ಚಿಡಿ, ಒಂದೇ ಪಾತ್ರೆಯಲ್ಲಿ ಬೇಯಿಸಿ, ಮನೆಯವರೆಲ್ಲ ಕೈ ಹಾಕಿ. ಅದೂ ಅಡುಗೆಯೇ.

ಅಜ್ಜನ ಬಲಗೈ ಇನ್ನು ಗಡಿಯಾರ ಬಿಚ್ಚುವುದಿಲ್ಲ. ಅವತ್ತು ಎಂಟು ಗಂಟೆಗೆ ನಾನು ಒಂದು ನಿಮಿಷ ನಿಂತಿದ್ದರೆ ಬಿಚ್ಚುತ್ತಿತ್ತು. ಇವತ್ತು ಸಂಜೆ ನಿಮ್ಮವರನ್ನು ‘ಊಟ ಆಯ್ತಾ?’ ಎಂದು ಕೇಳಿ. ಕೇಳಿದ ಮೇಲೆ, ಉತ್ತರ ನಿಜವೋ ಅಲ್ಲವೋ ತಿಳಿಯುವ ತನಕ ಅಲ್ಲೇ ನಿಂತುಕೊಳ್ಳಿ.