ಪೀಪಾಯಿಯ ನೀಲಿ

ಅಜ್ಜಿಯ ಕತೆ ಅರ್ಧದಲ್ಲಿ ನಿಂತದ್ದು ಪುತ್ತೂರಿನ ಡಾಕ್ಟರ ದೆಸೆಯಿಂದ. ಅವರು ಅಜ್ಜಿಯ ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, “ಬಲಗಣ್ಣು ಹೋದ ಹಾಗೆಯೇ. ಎಡದ್ದಾದರೂ ಉಳಿಯಬೇಕಿದ್ದರೆ ಇನ್ನು ಒಲೆಯ ಹೊಗೆ ತಾಗಬಾರದು” ಎಂದರು. ಅಂದಿನಿಂದ ಅಮ್ಮ ಅಜ್ಜಿಯನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ.

ಇದರಿಂದ ನನಗೆ ಏನು ಹೋಯಿತೆಂದು ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ನನ್ನ ಅಜ್ಜಿ ದುಗ್ಗಮ್ಮ ಕತೆ ಹೇಳುತ್ತಿದ್ದದ್ದು ಒಲೆಯ ಮುಂದೆ ಮಾತ್ರ. ಕೊಳವೆಯಿಂದ ಒಂದು ಸಲ ಊದುವುದು, ಒಂದು ಮಾತು ಹೇಳುವುದು. ಹಾಗೆಯೇ ನಾನು ಹತ್ತೊಂಬತ್ತು ವರ್ಷದವಳಾದೆ. ಕೊನೆಯ ದಿನ ಹೇಳುತ್ತಿದ್ದ ಕತೆ ಹೀಗಿತ್ತು: ಊರ ಕೊನೆಯಲ್ಲಿ ಒಬ್ಬಳು ಮುದುಕಿ. ಅವಳ ಹಿತ್ತಿಲ ಗುಂಡಿಯಲ್ಲಿ ಒಂದು ಹೊಟ್ಟೆಬಾಕ. ಅದಕ್ಕೆ ಮುಖವಿಲ್ಲ, ಕೈಕಾಲಿಲ್ಲ, ಹೊಟ್ಟೆ ಮಾತ್ರ. ಊರವರು ಬೇಡವೆಂದು ಎಸೆದದ್ದೇ ಅದಕ್ಕೆ ಊಟ. ಕಸ, ಕೊಳೆತ ಸೊಪ್ಪು, ಸೆಗಣಿ, ಎಂಜಲೆಲೆ. ಹೊಟ್ಟೆ ತುಂಬಿದ ದಿನ ಅದು ಒಂದು ನೀಲಿ ಹೂ ಕೊಡುತ್ತದೆ. ತೊಟ್ಟಿಲ್ಲದ ಹೂ, ಮುಡಿಯಲಾಗದ ಹೂ. ಸುದ್ದಿ ರಾಜನ ಕಿವಿಗೆ ಬಿತ್ತು. ರಾಜ ಬಂದ, ಗುಂಡಿಯ ಮುಚ್ಚಳ ಸರಿಸಿದ, ಬಗ್ಗಿ ನೋಡಿದ...

ಅಷ್ಟರಲ್ಲಿ ಗಂಜಿ ಉಕ್ಕಿತು. ಅಜ್ಜಿ ಎದ್ದಳು. ಮರುದಿನ ನಾವು ಪುತ್ತೂರಿಗೆ ಹೋದೆವು.

“ಬಗ್ಗಿ ನೋಡಿದ ರಾಜನಿಗೆ ಎಂತ ಕಂಡಿತು ಅಜ್ಜಿ?” ಎಂದು ಜಗಲಿಯಲ್ಲಿ ಎಷ್ಟು ಸಲ ಕೇಳಿದರೂ ಅವಳದು ಒಂದೇ ಉತ್ತರ. “ಬೆಂಕಿ ಎದುರಿಲ್ಲದೆ ನನಗೆ ಕತೆ ಬರುದಿಲ್ಲ ಗೂಡೆ.” ನಮ್ಮ ಅರೆಭಾಷೆಯಲ್ಲಿ ಹುಡುಗಿಯನ್ನು ಗೂಡೆ ಎನ್ನುತ್ತಾರೆ. ಅವಳು ಹಾಗೆ ಕರೆದಾಗಲೆಲ್ಲ ನನಗೆ ಆರು ವರ್ಷವಾಗುತ್ತದೆ.

ಆ ವರ್ಷ, ಸಾವಿರದ ಒಂಬೈನೂರ ಅರವತ್ತನಾಲ್ಕರ ಶಿವರಾತ್ರಿಗೆ ಮೊದಲು, ಅಪ್ಪ ಒಂದು ಹೋರಿಕರು ನೋಡಲು ಕೊಯಿಲದ ಸರಕಾರಿ ಫಾರ್ಮಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಅಲ್ಲಿ ದನದ ಹಟ್ಟಿಯ ಹಿಂದೆ ಒಂದು ದುಂಡಗಿನ ಗುಂಡಿ, ಅದರ ಮೇಲೆ ಬೋರಲು ಹಾಕಿದ ಕಬ್ಬಿಣದ ದೊಡ್ಡ ಮುಚ್ಚಳ, ಮುಚ್ಚಳದಿಂದ ಒಂದು ಕೊಳವೆ. ಕೊಳವೆಯ ತುದಿಯಲ್ಲಿ, ತಗಡಿನ ಮರೆಯ ನೆರಳಿನಲ್ಲಿ, ಹೊಗೆಯೇ ಇಲ್ಲದೆ ಒಂದು ನೀಲಿ ಬೆಂಕಿ ನಿಂತಿತ್ತು.

ತೊಟ್ಟಿಲ್ಲದ ಹೂ!

ಅದನ್ನು ಮಾಡಿದವರು ದೇವದಾಸ ಎಂಬ ಇಂಜಿನಿಯರು. ಪುತ್ತೂರಿನವರೇ, ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದರು. ಅಂಗಿಯ ತೋಳಿಗೆ ಸೆಗಣಿ ತಾಗಿದ್ದು ಅವರಿಗೆ ಗೊತ್ತೇ ಇರಲಿಲ್ಲ.

“ಇಲ್ಲಿ ದನ ಎಷ್ಟು ಬೇಕಾದರೂ ಉಂಟು. ಐದಾರು ದನ ಇರುವ ಮನೆಯ ಹಟ್ಟಿಯಲ್ಲಿ ಇದು ಉರಿಯುತ್ತದೋ ಇಲ್ಲವೋ, ಅದು ನನ್ನ ಪ್ರಶ್ನೆ” ಎಂದರು ಅವರು. “ಮುಚ್ಚಳ, ಕೊಳವೆ ನನ್ನ ಹತ್ತಿರ ಉಂಟು. ಗುಂಡಿ ತೋಡಲು ಒಪ್ಪುವ ಮನೆ ಸಿಗುವುದಿಲ್ಲ.”

“ನಮ್ಮಲ್ಲಿ ಆರು ದನ ಉಂಟು” ಎಂದೆ ನಾನು.

ಅಪ್ಪ ನನ್ನನ್ನು ನೋಡಿದ ನೋಟಕ್ಕೆ ಪಕ್ಕದಲ್ಲಿದ್ದ ಕರುವೂ ಹಿಂದೆ ಸರಿಯಿತು. “ಸೆಗಣಿ ಉರಿಸಿದರೆ ಗದ್ದೆಗೆ ಎಂತ ಹಾಕುದು ಮಾರಾಯ್ರೆ? ಬೂದಿಯಾ?”

“ಉರಿಯುವುದು ಸೆಗಣಿಯಿಂದ ಏಳುವ ಗಾಳಿ ಮಾತ್ರ, ಬೋಜಪ್ಪನವರೇ. ಸೆಗಣಿ ಗೊಬ್ಬರವಾಗಿ ಹೊರಗೆ ಬರುತ್ತದೆ.”

ಅಪ್ಪ ನಂಬಲಿಲ್ಲ. ಆದರೆ ಮನೆಯಲ್ಲಿ ಅಜ್ಜಿ ಗೋಡೆ ತಡವಿಕೊಂಡು ನಡೆಯುವುದನ್ನು ಮೂರು ದಿನ ನೋಡಿ, ನಾಲ್ಕನೆಯ ದಿನ ಹಾರೆ ತೆಗೆದುಕೊಂಡರು. ಒಂದು ಷರತ್ತು ಹಾಕಿದರು. “ಪತ್ತನಾಜೆಯವರೆಗೆ. ಅದರ ಮೇಲೆ ಮಳೆ ಕಾಯುದಿಲ್ಲ, ಗದ್ದೆಯೂ ಕಾಯುದಿಲ್ಲ. ಅಷ್ಟರಲ್ಲಿ ಬೆಂಕಿ ಕಂಡರೆ ಗುಂಡಿ ಇರಲಿ. ಇಲ್ಲದಿದ್ದರೆ ಗೊಬ್ಬರ ಗದ್ದೆಗೆ, ಗುಂಡಿಗೆ ಮಣ್ಣು.” ಪತ್ತನಾಜೆ ಎಂದರೆ ಮೇ ಕೊನೆಯ ವಾರ. ಊರಿನ ಭೂತಗಳ ಕೋಲ, ನೇಮ ಎಲ್ಲ ಅಂದಿಗೆ ಮುಗಿದು, ಬೇಸಾಯ ಶುರುವಾಗುವ ದಿನ.

ಒಂದು ಪಾಲು ಸೆಗಣಿ, ಒಂದು ಪಾಲು ನೀರು, ಗಂಜಿಯ ಹದಕ್ಕೆ ಕಲಸಿ ಹೊಯ್ಯಿರಿ ಎಂದಿದ್ದರು ದೇವದಾಸರು. ಕೊಯಿಲದಲ್ಲಿ ಕಲಸಲು ಸಿಮೆಂಟಿನ ತೊಟ್ಟಿ ಉಂಟು. ನಮ್ಮಲ್ಲಿ ಎಲ್ಲಿಂದ? ಕೊಟ್ಟಿಗೆಯ ಮೂಲೆಯಲ್ಲಿ ನನಗೆ ಮರದ ಪೀಪಾಯಿ ಸಿಕ್ಕಿತು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತ, ಸುಣ್ಣ ಕಲಸುವ ಪೀಪಾಯಿ. ವರ್ಷ ವರ್ಷವೂ ಕಲಸಿ ಕಲಸಿ ಒಳಗೆಲ್ಲ ನೀಲಿ ಹಕ್ಕಳೆ ಕಟ್ಟಿತ್ತು. ತಳದಲ್ಲಂತೂ ಬೆರಳು ದಪ್ಪ. ಸುಬ್ರಹ್ಮಣ್ಯದ ಕಡೆಯ ಬೆಟ್ಟಗಳು ಸಂಜೆಗೆ ತಿರುಗುವ ನೀಲಿ. ನೀಲಿ ಹೂವಿಗೆ ನೀಲಿ ಪೀಪಾಯಿ. ನನಗೆ ಅದಕ್ಕಿಂತ ಒಳ್ಳೆಯ ಶಕುನ ಬೇಕಿರಲಿಲ್ಲ.

ಇದನ್ನು ಸಿಸಿಲಿಗೆ ಹೇಳಿದೆ. ಸಿಸಿಲಿ ನಮ್ಮ ಬೇಲಿಯಾಚೆಯ ಗೆಳತಿ. ಅವಳ ಅಪ್ಪ ಐಪ್ ಕೇರಳದಿಂದ ಬಂದು ಗುಡ್ಡದಲ್ಲಿ ರಬ್ಬರ್ ಹಾಕಿದವರು.

“ನೀಲಿ ಪೀಪಾಯಿಯಲ್ಲಿ ಕಲಸಿದರೆ ನೀಲಿ ಹೂ ಅರಳುದಾ?” ಎಂದು ಅವಳು ನಕ್ಕಳು. “ಹಾಗಾದರೆ ನಾಳೆ ಕೆಂಪು ಮಡಕೆಯಲ್ಲಿ ಗಂಜಿ ಬೇಯಿಸು, ದಾಸವಾಳ ಬಂದೀತು.”

ಗುಂಡಿ ತುಂಬಿತು. ಒಳಗೆ ಗಾಳಿ ಸೇರಿ ಮುಚ್ಚಳ ನಾಲ್ಕು ಬೆರಳು ಮೇಲೆದ್ದಿತು. ನಾನು ಓಡಿಹೋಗಿ ಕೊಳವೆಯ ಬಾಯಿಗೆ ಕಡ್ಡಿ ಗೀರಿ ಹಿಡಿದೆ. ಕಡ್ಡಿ ಆರಿತು. ಇನ್ನೊಂದು ಗೀರಿದೆ, ಅದೂ ಆರಿತು. ಮೊದಲು ಬರುವ ಗಾಳಿ ಉರಿಯುವುದಿಲ್ಲವೆಂದು ದೇವದಾಸರು ಮೊದಲೇ ಹೇಳಿದ್ದರು, ಅದಕ್ಕೆ ಸುಮ್ಮನಾದೆ. ಆದರೆ ಅದರ ಮೇಲೆ ಮುಚ್ಚಳ ಅಲ್ಲಾಡಲೇ ಇಲ್ಲ. ಒಂದು ತಿಂಗಳು ಹೋಯಿತು. ಏಪ್ರಿಲ್ ನಡುವೆ ಬಿಸು ಹಬ್ಬ ಬಂತು.

“ಎಂತ ಮಾರಾಯ್ತಿ, ನಿನ್ನ ಹೊಟ್ಟೆಬಾಕನಿಗೆ ಅಜೀರ್ಣವಾ?” ಎಂದು ಅಪ್ಪ ದಿನಾ ಹಟ್ಟಿಗೆ ಹೋಗುವಾಗ ಕೇಳುವರು. “ಶುಂಠಿ ಕಷಾಯ ಹೊಯ್ದು ನೋಡು.”

ಬಿಸು ಕಳೆದು ದೇವದಾಸರು ಬಂದರು. ಕೊಳವೆಯ ಸಂದಿಗೆಲ್ಲ ಸಾಬೂನುನೀರು ಸವರಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ, ಅಂದರೆ ಗಾಳಿ ಸೋರುತ್ತಿಲ್ಲ. ಆಮೇಲೆ ಗುಂಡಿಯ ದಡದಲ್ಲಿ ಕೂತು ತಲೆ ಕೆರೆದುಕೊಂಡರು.

“ಅದೇ ಸೆಗಣಿ, ಅದೇ ನೀರು, ಅದೇ ಬಿಸಿಲು. ಅಲ್ಲಿ ಉರಿಯುತ್ತದೆ, ಇಲ್ಲಿ ಇಲ್ಲ. ಯಾವುದೋ ಒಂದು ಬೇರೆ ಉಂಟು ಸೇವಂತಿ. ಅದನ್ನು ಹುಡುಕುವುದೇ ನಮ್ಮ ಕೆಲಸ. ದಿನಾ ನೋಡುವವರು ನೀವು, ನಾನಲ್ಲ.”

“ಒಳಗೆ ನಿಜವಾಗಿ ಆಗುದು ಎಂತ?” ಎಂದು ಕೇಳಿದೆ.

“ಕಣ್ಣಿಗೆ ಕಾಣದ ಜೀವಿಗಳಿವೆ. ಗಾಳಿ ಸುಳಿಯದ ಕತ್ತಲೆಯಲ್ಲಿ ಅವು ಸೆಗಣಿ ತಿಂದು ಕೊಳೆಸುತ್ತವೆ. ಉರಿಯುವ ಗಾಳಿ ಅವು ಬಿಟ್ಟದ್ದು.”

“ಅವಕ್ಕೆ ಮುಖ ಉಂಟಾ?”

ಅವರು ನಗಲಿಲ್ಲ. “ಇಲ್ಲ. ಕೈಕಾಲೂ ಇಲ್ಲ. ಬರೀ ಹೊಟ್ಟೆ ಎನ್ನಬಹುದು.”

ಅವರು ಹೋದ ಮೇಲೆ ನಾನು ಗುಂಡಿಯ ಹತ್ತಿರವೇ ಕೂತೆ. ಒಳಗೆ ಇದೆ. ಅಜ್ಜಿ ಹೇಳಿದ್ದೇ ಇದೆ. ಆದರೆ ತಿನ್ನುತ್ತಿಲ್ಲ. ಯಾಕೆ? ಹಸಿವಿಲ್ಲವೋ, ಸಿಟ್ಟೋ, ಅಥವಾ ಸತ್ತೇ ಹೋಗಿದೆಯೋ? ಕೊಯಿಲದಲ್ಲಿ ಇದ್ದು ನಮ್ಮಲ್ಲಿ ಇಲ್ಲದ್ದು ಯಾವುದು? ನಮ್ಮಲ್ಲಿ ಇದ್ದು ಅಲ್ಲಿ ಇಲ್ಲದ್ದು ಯಾವುದು? ಹೀಗೆ ಯೋಚಿಸುತ್ತಲೇ ಎದ್ದು ಪೀಪಾಯಿ ತೊಳೆಯಲು ಬಗ್ಗಿದವಳು ಹಾಗೆಯೇ ನಿಂತೆ.

ಪೀಪಾಯಿಯ ಒಳಗೆ ಮರದ ಬಣ್ಣ ಕಾಣುತ್ತಿತ್ತು. ಶಿವರಾತ್ರಿಯ ಹೊತ್ತಿಗೆ ಅಷ್ಟು ದಪ್ಪಗಿದ್ದ ನೀಲಿ ಈಗ ತಳದ ಸಂದಿಯಲ್ಲಿ ಒಂದು ಗೆರೆ ಮಾತ್ರ.

ಆ ನೀಲಿ ಎಲ್ಲಿಗೆ ಹೋಯಿತು?

ದಿನಾ ಗಂಜಲ ಸೇರಿದ ಸೆಗಣಿಯಲ್ಲಿ ಕರಗಿ, ನಾನೇ ಬಕೆಟಿನಲ್ಲಿ ಎತ್ತಿ ಗುಂಡಿಗೆ ಹೊಯ್ದಿದ್ದೆ. ಅಡಿಕೆ ಕೊಳೆಯದಂತೆ ಅಪ್ಪ ಬಿಡುವ ಮದ್ದನ್ನು, ಕೊಳೆಯುವುದೇ ಕೆಲಸವಾದ ಗುಂಡಿಗೆ! ಮರದ ಮೇಲಿನ ಬೂಷ್ಟನ್ನು ಕೊಲ್ಲುವ ಮದ್ದು ಗುಂಡಿಯೊಳಗಿನ ಆ ಹೊಟ್ಟೆಗಳನ್ನು ಬಿಟ್ಟೀತೇ?

ಆದರೆ ಇದು ನನ್ನ ಊಹೆ. ಶಕುನವನ್ನು ನಂಬಿ ಒಮ್ಮೆ ಕೆಟ್ಟಿದ್ದೆ. ಈ ಸಲ ನೋಡಿಯೇ ನಂಬಬೇಕು ಅನಿಸಿತು.

ಅಜ್ಜಿ ಕುಡಿಯುವ ಅರಿಷ್ಟದ ಮದ್ದಿನ ಎರಡು ಖಾಲಿ ಶೀಸೆ ತೊಳೆದೆ. ಹಟ್ಟಿಯಿಂದ ನೇರ ತಂದ ಸೆಗಣಿಯನ್ನು ಮಣ್ಣಿನ ಪಾತ್ರೆಯಲ್ಲಿ ಕಲಸಿ ಎರಡಕ್ಕೂ ಸಮ ಹೊಯ್ದೆ. ಒಂದಕ್ಕೆ ಪೀಪಾಯಿಯ ಸಂದಿಯಿಂದ ಕೆರೆದ ನೀಲಿಯನ್ನು ಉಗುರಿನಷ್ಟು ಹಾಕಿದೆ. ಗಾಳಿ ಎಷ್ಟು ಬಂತೆಂದು ತಿಳಿಯಲು ಬಾಯಿಗೆ ಏನು ಕಟ್ಟುವುದು? ಅದಕ್ಕೆ ಸಿಸಿಲಿ ಬೇಕಾಯಿತು. ಅವಳು ಎರಡು ಗುಂಡು ಬದನೆಕಾಯಿಗಳನ್ನು ರಬ್ಬರ್ ಹಾಲಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ, ಮತ್ತೆ ಅದ್ದಿ, ಹೀಗೆ ನಾಲ್ಕೈದು ಸಲ ಮಾಡಿ, ಮೆಲ್ಲನೆ ಸುಲಿದಳು. ಬದನೆಯ ಆಕಾರದ ಎರಡು ಚೀಲ.

“ಅಮ್ಮ ಪಲ್ಯಕ್ಕೆ ಇಟ್ಟ ಬದನೆ” ಎಂದಳು. “ಬೈಗಳು ಅರ್ಧ ನಿನಗೆ.”

ಶೀಸೆಗಳನ್ನು ಬಿಸಿಲು ಬೀಳುವ ಗೋಡೆಗೆ ಒರಗಿಸಿಟ್ಟೆವು. ಮೊದಲ ನಾಲ್ಕು ದಿನ ಎರಡೂ ಚೀಲ ಜೋತು ಬಿದ್ದುಕೊಂಡಿದ್ದವು. ಐದನೆಯ ದಿನ ಎರಡೂ ಸ್ವಲ್ಪ ತಲೆಯೆತ್ತಿದವು. ಹತ್ತನೆಯ ದಿನ ಬೆಳಿಗ್ಗೆ ಸಿಸಿಲಿ ಬೇಲಿಯಾಚೆಯಿಂದಲೇ ಕೂಗಿದಳು.

“ಸೇವಂತೀ! ನಿನ್ನ ಒಂದು ಬದನೆ ಗಿಡದಲ್ಲಿ ಉಂಟು. ಇನ್ನೊಂದು ಪಲ್ಯ ಆಗಿದೆ!”

ಸೆಗಣಿ ಮಾತ್ರ ಇದ್ದ ಶೀಸೆಯ ಮೇಲೆ ಚೀಲ ಬಿಗಿಯಾಗಿ ನೆಟ್ಟಗೆ ನಿಂತಿತ್ತು. ನೀಲಿ ಹಾಕಿದ್ದರ ಮೇಲೆ ಅದು ಬಾಡಿ ಜೋತಿತ್ತು.

ಸಂತೋಷಪಡಲು ಹೊತ್ತಿರಲಿಲ್ಲ. ಪತ್ತನಾಜೆಗೆ ಉಳಿದದ್ದು ನಾಲ್ಕು ವಾರ. ಗುಂಡಿ ಇಡೀ ಖಾಲಿ ಮಾಡಬೇಕು, ಮತ್ತೆ ತುಂಬಬೇಕು. ಮೊದಲ ಸಲ ಎರಡು ತಿಂಗಳು ಕಾದವರು ಈ ಸಲ ಅಷ್ಟು ದಿನ ಎಲ್ಲಿಂದ ತರುವುದು? ಎರಡೂ ಶೀಸೆ ಹಿಡಿದುಕೊಂಡು ಜಗಲಿಗೆ ಹೋಗಿ ಅಪ್ಪನ ಮುಂದೆ ಇಟ್ಟು, ನಡೆದದ್ದನ್ನು ಹೇಳಿದೆ.

“ಅಂದರೆ ಎರಡು ತಿಂಗಳು ನೀನು ಅದಕ್ಕೆ ವಿಷ ಊಡಿಸಿದ್ದು” ಎಂದರು ಅಪ್ಪ.

“ಹೌದು.”

“ನಾನು ಅಜೀರ್ಣ ಅಂತ ಹೇಳಿದ್ದು ಸರಿಯೇ ಆಯ್ತಲ್ಲ!” ಅಪ್ಪನಿಗೆ ಯಾಕೋ ಖುಷಿಯೇ ಆಯಿತು. ಮೀಸೆ ತಿರುವಿಕೊಂಡರು. “ಮೈಲುತುತ್ತ ಇದ್ದರೆ ಆ ಗೊಬ್ಬರ ಅಡಿಕೆ ಬುಡಕ್ಕೆ ಹೋಗಲಿ, ಹೇಗೂ ಅಲ್ಲಿಗೆ ಬೀಳುವ ಮದ್ದೇ. ಆದರೆ ದಿನ ಇಲ್ಲವಲ್ಲ ಮಗಳೇ.”

ಅಜ್ಜಿ ಒಂದು ಶೀಸೆಯ ಚೀಲವನ್ನು ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದಳು. “ಹಾಲು ಕೆಟ್ಟರೆ ಎಂತ ಮಾಡ್ತೀಯ ಗೂಡೆ? ಪಾತ್ರೆ ತೊಳೆದು ಹೊಸ ಹಾಲು ಕಾಯಿಸುದು. ಮನೆಯಲ್ಲಿ ಹೆಪ್ಪಿಲ್ಲದಿದ್ದರೆ ಆಚೆ ಮನೆಯಿಂದ ತರುದು. ಹೆಪ್ಪು ಬಿದ್ದರೆ ಮೊಸರಿಗೆ ಎಷ್ಟು ಹೊತ್ತು?”

ಕೊಯಿಲದಲ್ಲಿ ಹೆಪ್ಪು ಇತ್ತು! ದೇವದಾಸರ ಗುಂಡಿಯ ತುಂಬ ಬದುಕಿರುವ, ಹಸಿದಿರುವ ಹೊಟ್ಟೆಗಳು. ನಾನು ಸಿಸಿಲಿಯ ಅಪ್ಪ ಐಪ್ ಚೇಟನ ಜೀಪಿನಲ್ಲಿ ಹೋಗಿ ಸಂಗತಿ ಹೇಳಿದಾಗ ದೇವದಾಸರು ಹಣೆ ಹಣೆ ಬಡಿದುಕೊಂಡರು. “ಕಲಸುವುದು ಯಾವುದರಲ್ಲಿ ಎಂದು ನಾನು ಕೇಳಲೇ ಇಲ್ಲ!” ತಮ್ಮ ಪುಸ್ತಕದಲ್ಲಿ ಬದನೆಯ ಚಿತ್ರ ಸಮೇತ ಎಲ್ಲ ಬರೆದುಕೊಂಡು, ಹಾಲಿನ ಎಂಟು ಕ್ಯಾನುಗಳಲ್ಲಿ ಗುಂಡಿಯ ರೊಚ್ಚು ತುಂಬಿಸಿ ಕೊಟ್ಟರು. ದಾರಿಯುದ್ದಕ್ಕೂ ಅದು ತುಳುಕಿತು.

“ಬೋಜಪ್ಪಣ್ಣ, ಆದಿತ್ಯವಾರ ಇದೇ ಜೀಪಿನಲ್ಲಿ ನಾವು ಇಗರ್ಜಿಗೆ ಹೋಗುದು” ಎಂದರು ಐಪ್ ಚೇಟ ಇಳಿಯುತ್ತಲೇ. “ಪಾದ್ರಿ ಮೂಗು ಮುಚ್ಚಿದರೆ ನಿಮ್ಮ ಮಗಳ ಹೆಸರು ಹೇಳ್ತೇನೆ.”

ಅಪ್ಪ ಮತ್ತು ನಾನು ಎರಡು ದಿನ ಗುಂಡಿ ಬರಿದು ಮಾಡಿ ತೊಳೆದೆವು. ಹೊಸ ಸೆಗಣಿಯನ್ನು ಮಣ್ಣಿನ ಪಾತ್ರೆಗಳಲ್ಲೇ ಕಲಸಿದೆವು. ಹೆಪ್ಪು ಹೊಯ್ಯುವಾಗ ಅಜ್ಜಿಯನ್ನು ಕೈಹಿಡಿದು ಕರೆತಂದೆ. ಮೊದಲ ಕ್ಯಾನು ಅವಳದೇ ಕೈಯಿಂದ. ಆಮೇಲೆ ನಾನು ದಿನಾ ಬೆಳಿಗ್ಗೆ ಮುಚ್ಚಳದ ಪಕ್ಕ ಕೋಲು ನೆಟ್ಟು ಗುರುತು ಹಾಕಿದೆ. ವಾರ ಕಳೆದು ಒಂದು ಗೇಣು. ಎರಡು ವಾರಕ್ಕೆ ಮೊಣಕಾಲೆತ್ತರ. ಹದಿನೆಂಟನೆಯ ದಿನ ಕೊಳವೆಯ ಬಾಯಿ ಬಿಚ್ಚಿ, ಮೊದಲ ಗಾಳಿಯನ್ನೆಲ್ಲ ಹೊರಗೆ ಬಿಟ್ಟೆ. ಇಳಿದ ಮುಚ್ಚಳ ಮತ್ತೆ ಎದ್ದಿತು.

ಪತ್ತನಾಜೆಯ ದಿನ ಬೆಳಿಗ್ಗೆ ಅಪ್ಪ ಗೊಬ್ಬರದ ಬುಟ್ಟಿಗಳನ್ನು ಅಂಗಳದಲ್ಲಿ ಸಾಲಾಗಿ ಇಟ್ಟಿದ್ದರು. ಬೇಕೆಂದೇ ಇಟ್ಟದ್ದು, ನನಗೆ ಕಾಣಲಿ ಎಂದು. ಮುಚ್ಚಳ ನನ್ನ ಸೊಂಟದ ಮಟ್ಟಕ್ಕಿತ್ತು. ದೇವದಾಸರು ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು. ಅಷ್ಟು ಕಾಯಲು ನನ್ನಿಂದ ಆಗಲಿಲ್ಲ. ಅಡುಗೆಮನೆಗೆ ಎಳೆದ ಕೊಳವೆಯ ತುದಿಯಲ್ಲಿ ಅವರು ಕೊಟ್ಟ ತೂತಿನ ಬರ್ನರು ಇತ್ತು. ಅಮ್ಮ ಬಾಗಿಲಲ್ಲಿ ನಿಂತಳು. ಸಿಸಿಲಿ ಕಿಟಕಿಯಲ್ಲಿ. ನಾನು ತಿರುಪು ತಿರುಗಿಸಿ ಕಡ್ಡಿ ಗೀರಿದೆ. ‘ಬುಸ್’ ಎಂದು ಸಣ್ಣ ಸದ್ದು. ಬೆಚ್ಚಿ ಕಡ್ಡಿಯನ್ನು ಕೈಬಿಟ್ಟೆ.

ಮಾಡಿನ ಗಾಜಿನ ಹಂಚಿನಿಂದ ಬಿಸಿಲು ನೇರ ಬರ್ನರಿನ ಮೇಲೆ ಬೀಳುತ್ತಿತ್ತು. ಅಲ್ಲಿ ಏನೂ ಕಾಣಲಿಲ್ಲ.

“ಎಲ್ಲಿ ಉಂಟು?” ಎಂದರು ಅಪ್ಪ. “ಕಡ್ಡಿ ಆರಿತು, ಅಷ್ಟೇ.”

ಅಂಗಳದ ಬುಟ್ಟಿಗಳು ನನ್ನ ಕಣ್ಣ ಮುಂದೆ ಬಂದವು. ಅಪ್ಪ ಸರಿಯಾಗಿ ನೋಡಲೆಂದು ಬರ್ನರಿನ ಮೇಲೆ ಇನ್ನಷ್ಟು ಬಗ್ಗಿದರು.

“ಅಯ್ಯಯ್ಯೋ!”

ಚಿರ್ರ್ ಎಂದಿತು. ಕೂದಲು ಸುಟ್ಟ ವಾಸನೆ ಬಂತು. ಅಪ್ಪ ಮೂಗು ಮುಚ್ಚಿಕೊಂಡು ಹಿಂದೆ ಹಾರಿ ಅಮ್ಮನ ಕಾಲು ತುಳಿದರು. ಕೈ ತೆಗೆದಾಗ ಎಡಗಡೆಯ ಮೀಸೆ ಬಲಗಡೆಗಿಂತ ಗಿಡ್ಡವಾಗಿತ್ತು. ಕಿಟಕಿಯಲ್ಲಿ ಸಿಸಿಲಿ ನಕ್ಕು ನಕ್ಕು ಕೆಳಗೆ ಕುಳಿತುಬಿಟ್ಟಳು.

“ಯಾರದ್ದು ಸುಟ್ಟದ್ದು?” ಎಂದು ಹೊಸ್ತಿಲಿಂದ ಕೇಳಿದಳು ಅಜ್ಜಿ. ಅಮ್ಮ ತಡೆಯಲು ಕೈ ಎತ್ತಿದವಳು, ಹೊಗೆ ಎಲ್ಲಿದೆ ಎಂದು ಸುತ್ತ ನೋಡಿ, ಕೈ ಇಳಿಸಿದಳು. ಅಜ್ಜಿ ಏಳು ತಿಂಗಳ ಮೇಲೆ ಹೊಸ್ತಿಲು ದಾಟಿ ಬಂದು, ತನ್ನ ಹಳೆಯ ಮಣೆಯನ್ನು ಕಾಲಿನಿಂದ ತಡವಿ ಹುಡುಕಿ ಕುಳಿತು, ಅಂಗೈಯನ್ನು ದೂರದಿಂದ ಮೆಲ್ಲ ಮೆಲ್ಲನೆ ಹತ್ತಿರ ತಂದಳು. ನನಗೆ ಕಾಣದ್ದು ಅವಳ ಅಂಗೈಗೆ ಸಿಕ್ಕಿತು.

“ಉಂಟು” ಎಂದಳು.

ನಾನು ಸೆರಗು ಹಿಡಿದು ಬಿಸಿಲು ಮರೆಮಾಡಿದೆ. ಆ ನೆರಳಿನಲ್ಲಿ ನೀಲಿ ಹೂ ಅರಳಿಕೊಂಡು ನಿಂತಿತ್ತು. ಅಪ್ಪ ಮೀಸೆ ಸವರಿಕೊಳ್ಳುತ್ತ ಅಂಗಳಕ್ಕಿಳಿದು ಬುಟ್ಟಿಗಳನ್ನು ಒಂದರೊಳಗೊಂದು ಸೇರಿಸತೊಡಗಿದರು.

ಅಮ್ಮ ಗಂಜಿಗೆ ನೀರಿಟ್ಟಳು. ನಾನು ಅಜ್ಜಿಯ ಮಣೆಗೆ ತಾಗಿ ಕುಳಿತೆ.

“ಈಗ ಬೆಂಕಿ ಎದುರುಂಟು. ಹೇಳು ಅಜ್ಜಿ, ಬಗ್ಗಿ ನೋಡಿದ ರಾಜನಿಗೆ ಎಂತ ಕಂಡಿತು?”

ಅಜ್ಜಿ ಊದುವ ಕೊಳವೆಗೆಂದು ಪಕ್ಕದಲ್ಲಿ ಕೈಯಾಡಿಸಿದಳು. ಅದು ಬೇಡವೆಂದು ನೆನಪಾಗಿ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು.

“ಎಂತ ಕಾಣುದು? ಏನೂ ಕಾಣಲಿಲ್ಲ. ಅದಕ್ಕೆ ಇನ್ನಷ್ಟು ಬಗ್ಗಿದ.”

“ಮತ್ತೆ?”

“ಮತ್ತೆ ಅವನ ಮೀಸೆ ಸುಟ್ಟಿತು.”

ಕತೆಯಲ್ಲಿ ಇದು ಮೊದಲೇ ಇತ್ತೋ, ಈಗ ಸೇರಿತೋ ಎಂದು ನಾನು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅಜ್ಜಿ, “ಆ ಸುಟ್ಟ ಮೀಸೆ ಹಿಡಿದುಕೊಂಡು ರಾಜ ಅರಮನೆಗೆ ಹೋದರೆ, ಬಾಗಿಲಲ್ಲಿ ರಾಣಿ” ಎಂದು ಮುಂದುವರಿಸಿದಳು. ಗಂಜಿ ಬೇಯಲು ಇನ್ನೂ ಹೊತ್ತಿತ್ತು.