ಕತ್ತರಿ ಹಿಡಿಯಲು ಹೆದರಿದ ಕೈ

ನನ್ನ ಹೆಂಡತಿ ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಇಪ್ಪತ್ತು ವರ್ಷದಲ್ಲಿ ಒಂದು ಅಳತೆಯೂ ತಪ್ಪಿದವಳಲ್ಲ. ಅಂಥವಳು ಒಂದು ದಿನ ಟೀಚರಮ್ಮನ ಕೋಟಿಗೆ ಎರಡೂ ಎಡಗೈ ತೋಳನ್ನೇ ಕತ್ತರಿಸಿಬಿಟ್ಟಳು. ಎರಡನೇ ತೋಳಿಗೆ ಮಾದರಿ ಕಾಗದ ಮಗುಚಿ ಇಡುವುದನ್ನು ಮರೆತಿದ್ದಳು. ಟೀಚರಮ್ಮ ನಕ್ಕು ಸುಮ್ಮನಾದರು. ಇವಳಿಂದ ಆಗಲಿಲ್ಲ.

ಆಮೇಲೆ ಕತ್ತರಿ ಮುಟ್ಟಿದರೆ ಸಾಕು, ಎದೆ ಡವಡವ, ಅಂಗೈಯೆಲ್ಲ ಬೆವರು. ಒಂದೇ ಬಟ್ಟೆಯನ್ನು ಏಳು ಸಲ ಅಳೆದು ಮಡಚಿ ಇಡುವಳು. ಒಂದು ತಿಂಗಳು ಹೀಗೇ ಕಳೆಯಿತು.

“ರೀ, ಅಂಗಡಿ ಮುಚ್ಚಿಬಿಡ್ತೀನಿ,” ಎಂದಳು.

ನನ್ನ ಜೀವವೇ ಬಾಯಿಗೆ ಬಂತು. ಆದರೆ ಆಡಿದ್ದೇನು? “ಏನೇನೋ ಯೋಚ್ನೆ ಮಾಡ್ಬೇಡ ಕಣೇ!”

ನನ್ನಕ್ಕ ಆರೋಗ್ಯ ಕೇಂದ್ರದಲ್ಲಿ ನರ್ಸು. ವಿಷಯ ತಿಳಿದು ಬಂದವಳೇ ನನಗೆ ಚೆನ್ನಾಗಿ ಬೈದಳು. “ಲೋ, ಜ್ವರ ಬಂದೋರಿಗೆ ಜ್ವರ ಬರಿಸ್ಕೋಬೇಡ ಅಂತೀಯಾ?”

ಹೆಂಡತಿಯ ಫೋನಿಗೆ ಮನಸ್ಸಿನ ಆರೋಗ್ಯದ ಒಂದು ಉಚಿತ ಆ್ಯಪ್ ಹಾಕಿಕೊಟ್ಟಳು. “ದಿನಾ ಹೇಗಿದ್ದೀರಿ ಅಂತ ಕೇಳುತ್ತೆ, ನಿನ್ನ ಮನಸ್ಸು ಹೇಗಿದೆಯೋ ಆ ಮುಖದ ಚಿತ್ರ ಒತ್ತು. ಎದೆ ಹೊಡ್ಕೊಂಡಾಗ ಈ ವೃತ್ತ ನೋಡು. ದೊಡ್ಡದಾಗ್ತಾ ಇದ್ರೆ ಉಸಿರು ಎಳ್ಕೋ, ಚಿಕ್ಕದಾಗ್ತಾ ಇದ್ರೆ ನಿಧಾನವಾಗಿ ಬಿಡು.”

“ಫೋನಿಂದಾನೇ ಜನರ ತಲೆ ಕೆಡೋದು. ಅದ್ರಲ್ಲೇ ಔಷಧಿನಾ?” ಎಂದೆ.

“ಔಷಧಿ ಅಲ್ವೋ. ಎದ್ದು ನಿಲ್ಲೋದಕ್ಕೆ ಒಂದು ಆಸರೆ.”

ಎಂಟು ದಿನ ಬಿಟ್ಟು ಅಕ್ಕ ಫೋನು ತೆಗೆದು ನೋಡಿದರೆ ಸಾಲಾಗಿ ಎಂಟು ನಗುಮುಖ!

“ಇಷ್ಟು ಖುಷಿಯಾಗಿದ್ದೀಯ, ಮತ್ತೆ ಬಟ್ಟೆ ಯಾಕೆ ರಾಶಿ ಬಿದ್ದಿದೆ?”

“ಅತ್ತಿಗೆ, ಹೇಗಿದ್ದೀರಿ ಅಂದ್ರೆ ಚೆನ್ನಾಗಿದ್ದೀನಿ ಅನ್ನೋದು ತಾನೇ ಮರ್ಯಾದೆ?”

“ಅಯ್ಯೋ ಮಹರಾಯ್ತಿ, ಫೋನಿಗೂ ಮರ್ಯಾದೆ ಕೊಡ್ತೀಯಾ!”

ಮೂವರೂ ಬಿದ್ದು ಬಿದ್ದು ನಕ್ಕೆವು. ನಗುತ್ತ ನಗುತ್ತಲೇ ಅವಳು ಅತ್ತುಬಿಟ್ಟಳು. “ಚೆನ್ನಾಗಿಲ್ಲ ಅತ್ತಿಗೆ. ಸ್ವಲ್ಪಾನೂ ಚೆನ್ನಾಗಿಲ್ಲ.” ಈ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನನಗೆ ನಾಚಿಕೆಯಾಯಿತು.

ಅಂದಿನಿಂದ ಮನಸ್ಸು ಇದ್ದ ಹಾಗೇ ಮುಖ ಒತ್ತಿದಳು. ಎರಡು ವಾರ ಕಳೆದ ಮೇಲೆ, ಆಪ್ತ ಸಲಹೆಗಾರರನ್ನು ಕಾಣುವುದು ಒಳ್ಳೆಯದು ಎಂದು ಆ್ಯಪೇ ಸೂಚಿಸಿತು. ಆರೋಗ್ಯ ಕೇಂದ್ರಕ್ಕೆ ನಾನೂ ಜೊತೆಗೆ ಹೋದೆ. ಸಲಹೆಗಾರರು ಫೋನಿನಲ್ಲಿದ್ದ ಅಷ್ಟೂ ದಿನದ ಗುರುತು ನೋಡಿದರು. “ಇದು ಹುಚ್ಚಲ್ಲಮ್ಮ, ಆತಂಕ. ಕಮ್ಮಿಯಾಗುತ್ತೆ. ಮೊದಲು ಹಳೇ ಬಟ್ಟೆ ಕತ್ತರಿಸಿ. ಹೆದರಿಕೆಯಾದ್ರೆ ನಿಲ್ಲಿಸಿ, ಉಸಿರಾಡಿ, ಮತ್ತೆ ಶುರು ಮಾಡಿ.”

ಹಾಗೇ ಮಾಡಿದಳು. ಮೊದಮೊದಲು ಒರೆಸುವ ಬಟ್ಟೆ, ಆಮೇಲೆ ದಿಂಬಿನ ಕವರು. ಮೊನ್ನೆ ಬಸ್ಸಿನ ಡ್ಯೂಟಿ ಮುಗಿಸಿ ಬಂದಾಗ ಬಾಗಿಲಲ್ಲೇ ಕೇಳಿಸಿತು, ಮೇಜಿನ ಮೇಲೆ ಕತ್ತರಿ ಓಡುವ ಸದ್ದು. ಇಣುಕಿದರೆ ಗಿರಾಕಿಯ ಹೊಸ ಬಟ್ಟೆ! ಶೂ ಬಿಚ್ಚುವ ನೆಪದಲ್ಲಿ ಹೊರಗೇ ಕುಳಿತು ಕೇಳಿದೆ. ಎಷ್ಟು ಹಗುರಾಯಿತೋ ಮನಸ್ಸು!

ಅಕ್ಕಂದಿರೇ, ಅಣ್ಣಂದಿರೇ, ಮನಸ್ಸಿಗೂ ಸುಸ್ತಾಗುತ್ತದೆ. ಉಚಿತ ಆ್ಯಪ್‌ಗಳಿವೆ. ಯಾವುದು ಒಳ್ಳೆಯದೆಂದು ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ. ಬ್ಯಾಂಕಿನ ವಿವರ ಕೇಳುವಂಥದ್ದು ಬೇಡವೇ ಬೇಡ. ಆ್ಯಪ್ ಡಾಕ್ಟರಲ್ಲ, ಬದುಕೇ ಬೇಡ ಅನ್ನಿಸಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಿ, ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ. ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ ನನ್ನ ಹಾಗೆ ಒಂದು ತಿಂಗಳು ಕೇಳದೆ ಬಿಟ್ಟು ಆಮೇಲೆ ಗದರಬೇಡಿ. ಇವತ್ತೇ ಪಕ್ಕದಲ್ಲಿ ಕೂತು ಕೇಳಿ.