ಬರ್ತೀವಿ ಅಂದ ಮೇಲೆ

"ಸಿಕ್ಸ್ ಓ ಕ್ಲಾಕ್! ನೋ ಮೀಟ್, ನೋ ಎಗ್!"

ಸಂತೆಯ ಆ ತುದಿಯಿಂದ, ರಾತ್ರಿ ತಂಗಲು ಕೋಣೆ ಕೊಟ್ಟಿದ್ದ ಗೆರ್ಬರ್ ಅಮ್ಮ ಒಂದು ಕಟ್ಟು ಕ್ಯಾರೆಟ್ಟನ್ನು ಮೇಲೆತ್ತಿ ತೋರಿಸಿ ಕೂಗಿದರು. ಶಾಂತಾದೇವಿ ನಕ್ಕು ಕೈ ಬೀಸಿದಳು. ಏನು ಎತ್ತ ಎಂದು ಕೇಳುವಷ್ಟರಲ್ಲಿ ಅಮ್ಮ ಊರುಗೋಲು ಊರಿಕೊಂಡು ಜನರ ನಡುವೆ ಮರೆಯಾಗಿದ್ದರು.

"ಯಾರಿಗೆ ಹೇಳಿದ್ರೇ ಅವ್ರು?" ರುದ್ರಾಣಿ ಕೇಳಿದಳು.

"ನಮಗೇ ಇರಬೇಕು."

"ಆರು ಗಂಟೆಗೆ ನಮಗೇನೈತೆ ಇಲ್ಲಿ? ಆರೂ ಹತ್ತಕ್ಕೆ ರೈಲೈತೆ."

ಇಬ್ಬರೂ ಹೊನ್ನಾಳಿಯ ಒಂದು ಹೆಣ್ಣುಮಕ್ಕಳ ಶಾಲೆಯ ಮೇಡಮ್ಮುಗಳು. ರುದ್ರಾಣಿ ಜಗಳೂರಿನವಳು, ಆಟ ಕಲಿಸುವವಳು. ಶಾಂತಾದೇವಿ ನ್ಯಾಮತಿಯವಳು, ಕನ್ನಡ ಕಲಿಸುವವಳು, ಮುಖ್ಯೋಪಾಧ್ಯಾಯರ ನೋಟೀಸಿನಲ್ಲೂ ಒತ್ತಕ್ಷರ ತಿದ್ದುವ ಜಾತಿ. ಎಂಬತ್ತಮೂರರ ಆಗಸ್ಟಿನಲ್ಲಿ ಗೈಡ್ಸ್ ತಂಡದ ಜೊತೆ ಸ್ವಿಟ್ಜರ್ಲೆಂಡಿನ ಗುಡ್ಡದ ಮೇಲಿನ ಶಿಬಿರಕ್ಕೆ ಬಂದಿದ್ದರು. ಶಿಬಿರ ಮುಗಿದ ಮೇಲೆ ಎರಡು ದಿನ ಬಿಡುವು. ಉಳಿದವರು ದೊಡ್ಡ ಊರಿನ ಅಂಗಡಿಗಳಿಗೆ ಬಿದ್ದರೆ, ಇವರಿಬ್ಬರು ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ತೊಟ್ಟು, ಬೆನ್ನಿಗೆ ಚೀಲ ಏರಿಸಿ, ತೂನ್ ಎಂಬ ಈ ಸಣ್ಣ ಊರಿನಲ್ಲಿ ಇಳಿದಿದ್ದರು. ತಂಡದ ಮುಖ್ಯಸ್ಥೆಯದು ಒಂದೇ ಮಾತು: ಶನಿವಾರ ಸಂಜೆ ಆರೂ ಹತ್ತರ ರೈಲು ತಪ್ಪಿದರೆ ವಿಮಾನ ತಪ್ಪಿತು, ಆಮೇಲೆ ನಿಮ್ಮ ದಾರಿ ನಿಮಗೆ.

ಅಬ್ಬಬ್ಬಾ, ಏನು ಊರು! ಊರ ಮಧ್ಯದಲ್ಲೇ ಹೊಳೆ, ತಳದ ಕಲ್ಲೆಲ್ಲ ಕಾಣುವಷ್ಟು ತಿಳಿ. ಈ ಹೊತ್ತಿಗೆ ಹೊನ್ನಾಳಿಯ ಹೊಳೆ ಕೆಂಪಗೆ ತುಂಬಿ ಹರಿಯುತ್ತಿರುತ್ತದೆ. ಬೀದಿಯ ನಲ್ಲಿಗೆ ಬಾಯಿಟ್ಟು ಯಾರು ಬೇಕಾದರೂ ನೀರು ಕುಡಿಯಬಹುದು. ದೊಡ್ಡ ಬೀದಿಯಂತೂ ಎರಡಂತಸ್ತು. ಕೆಳಗಿನ ಸಾಲಂಗಡಿಗಳ ಮಾಳಿಗೆಯೇ ಮೇಲಿನ ಸಾಲಿಗೆ ಕಾಲುದಾರಿ. ಅದರ ಮೇಲೆ ಮುದುಕರು, ಮಕ್ಕಳು, ಹೂವಿನ ಕುಂಡ, ಎಲ್ಲ ಆರಾಮಾಗಿ ಇದ್ದವು.

"ನಮ್ಮೂರಾಗೆ ಇನ್ನೊಬ್ಬರ ಮಾಳಿಗೆ ಮೇಲೆ ಹಿಂಗೆ ಓಡಾಡಿದ್ರೆ ಸೊಂಟ ಮುರೀತಾರೆ," ಎಂದು ರುದ್ರಾಣಿ ಬೇಕೆಂದೇ ಇನ್ನೊಂದು ಸಲ ನಡೆದಳು. ಗುಡ್ಡದ ಮೇಲಿನ ಕೋಟೆಯ ನಾಲ್ಕು ಗೋಪುರಗಳನ್ನು ಬೆಳಿಗ್ಗೆಯಿಂದ ಕತ್ತೆತ್ತಿ ನೋಡುತ್ತಲೇ ಇದ್ದಳು. ಅದನ್ನು ಹತ್ತದೆ ಊರಿಗೆ ಬರಲ್ಲ ಎಂದಿದ್ದಳು.

ಮರದ ಸೇತುವೆಯ ಮೇಲೆ ನಿಂತಾಗ ಅವಳಿಗೆ ಏನೋ ಹೊಳೆಯಿತು.

"ಏ ಶಾಂತಾ, ಬೆಳಿಗ್ಗೆ ಅಮ್ಮನ ಮನೆ ಬಿಡುವಾಗ ಏನಂದೆ ನೀನು?"

"ಎಲ್ಲರೂ ಅನ್ನೋದೇ. ಹೋಗಿಬರ್ತೀವಿ ಅಂದೆ."

"ಕನ್ನಡದಾಗಾ?"

"ಅವರಿಗೆಲ್ಲಿ ಕನ್ನಡ ಬರ್ತೈತೆ? ಇಂಗ್ಲಿಷಿನಾಗೇ. ವಿ ಗೋ ಅಂಡ್ ಕಮ್ ಅಂದೆ."

ರುದ್ರಾಣಿ ಹಣೆ ಚಚ್ಚಿಕೊಂಡಳು. "ಮುಗೀತು ಕಥೆ! ಸಂಜೆಗೆ ಬರ್ತಾರೆ ಅಂತ ಆ ಅಮ್ಮ ಅಡಿಗಿ ಮಾಡಾಕೆ ಹತ್ತೈತೆ!"

ಶಾಂತಾದೇವಿಗೆ ಅಮ್ಮನ ಊಟದ ಮೇಜು ನೆನಪಾಯಿತು. ಹಿಂದಿನ ದಿನ ಮಹಡಿಯ ಕೋಣೆ ತೋರಿಸುವಾಗ ಅಮ್ಮ ಗಂಡನ ಫೋಟೋ ತೋರಿಸಿ, ಊಟದ ಮೇಜು ತೋರಿಸಿ, ಒಂದೇ ಬೆರಳು ಎತ್ತಿದ್ದರು. ನಾಲ್ಕು ವರ್ಷದಿಂದ ಒಂದೇ ತಟ್ಟೆ.

"ಊರಿಗೆ ಹೋಗಿ ಒಂದು ಕಾಗದ ಬರೆದ್ರಾಯ್ತು ಬಿಡೇ," ಎಂದಳು ರುದ್ರಾಣಿ.

"ಕಾಗದ ಬರೋ ತನಕ ಅವರು ಮೂರು ತಟ್ಟೆ ಇಟ್ಕೊಂಡು ಕುಂತಿರ್ಲಾ? ನೀ ಕೋಟೆ ನೋಡ್ಕೊಂಬಾ. ನಾನು ಹೋಗಿ ಹೇಳಿ ಬರ್ತೀನಿ."

"ನಿನ್ನ ಇಂಗ್ಲಿಷಿನಾಗಾ? ಇನ್ನೊಂದು ವಾರ ಇರ್ತೀವಿ ಅಂದು ಬಂದೀಯ ಮತ್ತೆ!" ರುದ್ರಾಣಿ ಕೋಟೆಯ ಕಡೆ ಒಮ್ಮೆ ನೋಡಿ ಚೀಲದ ಪಟ್ಟಿ ಬಿಗಿದಳು. "ನಡಿ."

ಅವರು ಹೋದಾಗ ಐದು ಹೊಡೆದಿತ್ತು. ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ನೀಲಿ ಅಂಚಿನ ಮೂರು ತಟ್ಟೆ. ಒಲೆಯ ಮೇಲೆ ಆಲೂಗಡ್ಡೆ. ಅಮ್ಮ ಇವರ ಬೆನ್ನ ಮೇಲಿನ ಚೀಲ ನೋಡಿದರು, ಗಡಿಯಾರ ನೋಡಿದರು.

"ಟ್ರೇನ್?"

"ಯೆಸ್ ಅಮ್ಮ. ಸಾರಿ ಅಮ್ಮ." ಶಾಂತಾದೇವಿ ನಾಚಿಕೆಯಿಂದ ತಟ್ಟೆಗಳ ಕಡೆ ನೋಡುತ್ತಾ ಹೇಳಿದಳು. "ಅವರ್ ಪ್ಲೇಸ್, ನೋಬಡಿ ಸೇ ಗೋ. ಓನ್ಲಿ ಡೆಡ್ ಪೀಪಲ್ ಗೋ. ವಿ ಸೇ ಕಮ್. ಆಲ್ವೇಸ್ ಕಮ್."

ಅಮ್ಮ ಗೋಡೆಯ ಫೋಟೋದ ಕಡೆ ತಿರುಗಿ, "ಓನ್ಲಿ ಡೆಡ್," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಕುರ್ಚಿ ಎಳೆದು, "ಸಿಟ್," ಎಂದರು. ಅದು ಅಪ್ಪಣೆಯಂತೇ ಇತ್ತು.

ಆಲೂಗಡ್ಡೆ ಅರ್ಧ ಬೆಂದಿತ್ತು. ಬೆಣ್ಣೆ, ಉಪ್ಪು, ಹಸಿ ಕ್ಯಾರೆಟ್ಟು. ಕಟುಂ ಕಟುಂ ಎಂದು ಮೂವರೂ ತಿಂದರು. ಖಾರವಿಲ್ಲದ್ದು ಗಂಟಲಲ್ಲಿ ಇಳಿಯುವುದೇ ಇಲ್ಲ ಎಂದು ಶಿಬಿರದ ಉದ್ದಕ್ಕೂ ಗೊಣಗಿದ ರುದ್ರಾಣಿ ಎರಡನೇ ಸಲ ತಟ್ಟೆ ಚಾಚಿದಳು. ಅಮ್ಮನ ಮುಖ ಅರಳಿತು. ಅಷ್ಟು ಚಂದದ ಊಟವನ್ನು ಆ ಊರಿನಲ್ಲಿ, ಇನ್ಯಾವ ಊರಿನಲ್ಲೂ, ಶಾಂತಾದೇವಿ ಉಂಡಿರಲಿಲ್ಲ.

ಐದೂ ನಲವತ್ತಕ್ಕೆ ಎದ್ದರು. ರುದ್ರಾಣಿ ಅಮ್ಮನ ಕಾಲು ಮುಟ್ಟಿ ನಮಸ್ಕರಿಸಿ, ಶಾಂತಾದೇವಿಯ ಚೀಲವನ್ನೂ ತಾನೇ ಎತ್ತಿಕೊಂಡು ಮೆಟ್ಟಿಲಿಳಿದಳು.

ಶಾಂತಾದೇವಿ ಹೊಸ್ತಿಲಲ್ಲಿ ನಿಂತುಬಿಟ್ಟಳು. ಬರ್ತೀನಿ ಅಂದರೆ ಎರಡನೇ ಸಲ ಸುಳ್ಳು. ಹೋಗ್ತೀನಿ ಅನ್ನಲು ನಾಲಿಗೆ ಏಳಲೊಲ್ಲದು, ಅದೂ ಇಷ್ಟು ವಯಸ್ಸಾದ ಒಂಟಿ ಜೀವದ ಮುಂದೆ. ಕೆಳಗಿನಿಂದ ರುದ್ರಾಣಿ, "ಬಾರೇ, ಹೊತ್ತಾತು!" ಎಂದು ಕೂಗಿದಳು.

"ಸೇ," ಎಂದರು ಅಮ್ಮ. "ಯುವರ್ ವರ್ಡ್. ಸೇ."

"ಬರ್ತೀವಿ ಅಮ್ಮ."

ಅಮ್ಮ ತುಟಿಯಲ್ಲಿ ಒಮ್ಮೆ ಅಂದುಕೊಂಡು, ಆಮೇಲೆ ಗಟ್ಟಿಯಾಗಿ, "ಬರ್ತೀವಿ," ಎಂದರು.

ಮನೆಯಲ್ಲಿ ಉಳಿಯುವವರು ಹೋಗಿಬನ್ನಿ ಅನ್ನಬೇಕು. ಕನ್ನಡ ಮೇಡಂ ಬಾಯಿ ತೆರೆದಳು. ತಿದ್ದಲಿಲ್ಲ. ಕಣ್ಣು ತುಂಬಿ ಅಮ್ಮನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

"ಬರ್ರಿ ಅಮ್ಮ," ಎಂದಳು, "ಹೊನ್ನಾಳಿಗೆ ಬರ್ರಿ. ದಾರಿ ನೋಡ್ತಿರ್ತೀನಿ."

ರುದ್ರಾಣಿ ಬೆನ್ನಿಗೊಂದು, ಎದೆಗೊಂದು ಚೀಲ ಹಾಕಿಕೊಂಡು ಮುಂದೆ ಓಡುತ್ತಿದ್ದಳು. ಶಾಂತಾದೇವಿ ನೆರಿಗೆ ಎತ್ತಿ ಹಿಡಿದು ಅವಳ ಹಿಂದೆ ಓಡಿದಳು. ತಿರುವಿನಲ್ಲಿ ಹೊರಳಿ ನೋಡಿದಾಗ ಅಮ್ಮ ಇನ್ನೂ ಹೊಸ್ತಿಲಲ್ಲೇ ಇದ್ದರು. ತುಟಿ ಆಡುತ್ತಿತ್ತು.